ಮುಜೂನಿಯ ಬೈಕಿನ ಎರಡು ಗೆರೆ

ಮುಜೂನಿಯ ಬೈಕು ಕೆಮ್ಮಣ್ಣಿನ ಹಾದಿಯಲ್ಲಿ ಎರಡು ಗೆರೆ ಬಿಟ್ಟುಹೋಗುತ್ತಿತ್ತು. ಬೆಟ್ಟದ ಉಳಿದ ಬಾಡಿಗೆ ಬೈಕುಗಳದ್ದು ಒಂದೇ ಗೆರೆ. ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಉರುಳುತ್ತದೆ. ಇವನದು ಎರಡು ಬೆರಳು ಪಕ್ಕಕ್ಕೆ. ನೀರು ತರಲು ಇಳಿಯುವಾಗ ಆ ಜೋಡಿ ಗೆರೆ ಕಂಡರೆ ಕೊಮುಹಂಗಿ ಅದನ್ನು ತುಳಿಯದೆ ಪಕ್ಕದಲ್ಲಿ ನಡೆಯುತ್ತಿದ್ದಳು.

ಆ ಗೆರೆಯನ್ನು ಓದಲು ಅವಳ ಭಾವ ಬಗಾಂಬೆಯೂ ಕಲಿತಿದ್ದ.

ಗಂಡ ಸತ್ತು ಎರಡು ವರ್ಷ. ಅವನ ರಿಪೇರಿ ಶೆಡ್ಡನ್ನು ಅವಳೇ ನಡೆಸುತ್ತಿದ್ದಳು. ಆದರೆ ಶೆಡ್ಡಿದ್ದದ್ದು ಭಾವನ ಬೇಲಿಯೊಳಗೆ. ಭಾನುವಾರ ಕುಲದ ಹಿರಿಯರು ಬಂದು ಅವಳನ್ನು ಭಾವನಿಗೇ ಎರಡನೆಯ ಹೆಂಡತಿಯಾಗಿ ಒಪ್ಪಿಸುವವರಿದ್ದರು. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮುಜೂನಿ ಬೈಕು ತಂದ. ಅಂಗಳದಲ್ಲಿ ಜೋಳದ ಗಂಜಿ ಕುಡಿಯುತ್ತಿದ್ದ ಬಗಾಂಬೆ ತಲೆಯೆತ್ತಲಿಲ್ಲ.

“ನಿನ್ನೆ ನಮ್ಮ ಬಾಳೆತೋಟದ ಹಿಂದೆ ಎರಡು ಸಲ ಹೋಗಿದೀಯಲ್ಲೋ. ಅಲ್ಲಿ ಯಾವ ಪ್ಯಾಸೆಂಜರ್ ಸಿಗ್ತಾನೆ ನಿಂಗೆ? ನಮ್ಮ ಮೇಕೆನಾ?”

ಮುಜೂನಿ ಕೊಮುಹಂಗಿಯ ಕಡೆ ತಿರುಗಿದ. ಚೈನು ಸದ್ದು ಮಾಡುತ್ತಿದೆ, ಹಿಂದಿನ ಚಕ್ರದ ಎರಡೂ ಕಡೆಯ ಅಳತೆ ಗುರುತುಗಳನ್ನು ಮಾತ್ರ ಸಮನಾಗಿಯೇ ಇಟ್ಟಿದ್ದೇನೆ ಎಂದು ಅವಳಿಗೆ ಹೇಳಿದ. ಚಕ್ರ ಹಿಡಿದಿರುವ ಕವಲು ಒಮ್ಮೆ ಮುರಿದು ವೆಲ್ಡ್ ಆಗಿದೆ, ಆ ಗುರುತು ನಂಬಿದರೆ ಚಕ್ರ ಸೊಟ್ಟಗೇ ಕೂರುವುದು ಎಂದು ಅವಳು ನಕ್ಕಳು.

ಚಕ್ರ ನೇರವಿದೆಯೇ ನೋಡಲು ಉದ್ದನೆಯ ದಾರವೊಂದನ್ನು ಹಿಂದಿನ ಟೈರಿಗೆ ಬಳಸಿ, ಎರಡೂ ತುದಿಗಳನ್ನು ಮುಂದಿನ ಚಕ್ರದ ಆಚೆ ಅವನ ಕೈಗೆ ಕೊಟ್ಟಳು. ಅವನು ಮುಂದೆ, ಇವಳು ಹಿಂದೆ, ನಡುವೆ ಬೈಕಿನುದ್ದ. ದಾರ ಬಿಗಿಯಾದಾಗ ಅವನ ಎಳೆತ ಅವಳ ಬೆರಳಿಗೆ ಬಂತು. ಒಂದು ಕಣ್ಣು ಮುಚ್ಚಿ ದಾರದುದ್ದಕ್ಕೂ ನೋಡಿದಳು. ನೋಟ ಹೋಗಿ ನಿಂತದ್ದು ಅವನ ಮೂಗಿನ ಮೇಲಿನ ಧೂಳಿನಲ್ಲಿ.

“ಟೈರ್ ನೋಡ್ತಿದೀಯಾ?”

“ನೀನು ಕೈ ಅಲ್ಲಾಡಿಸ್ಬೇಡ.”

ಬಗಾಂಬೆಯ ಫೋನು ಹೊಡೆದುಕೊಂಡಿತು. ಸಿಗ್ನಲ್ ಸಿಗುವ ದಿಬ್ಬಕ್ಕೆ ಅವನು ಹತ್ತಿಹೋದ.

ಎಡಗಡೆಯ ನಟ್ಟನ್ನು ಕಾಲು ಸುತ್ತು ತಿರುಗಿಸಿದಳು. ಮತ್ತೆ ಕಾಲು ಸುತ್ತು. ದಾರ ಮುಂದಿನ ಟೈರಿನ ಎರಡೂ ಬದಿಗೆ ಸಮನಾಗಿ ಬರುತ್ತಿದ್ದಂತೆ ಅವಳ ಕೈ ನಿಂತಿತು.

“ಇದು ಸರಿಯಾದ್ರೆ ನೀನು ಹೋಗಿದ್ದು ನಂಗೆ ಗೊತ್ತಾಗಲ್ಲ. ಎಲ್ಲರ ಗೆರೆ ಥರಾನೇ ಇರುತ್ತೆ.”

“ಹಂಗಾದ್ರೆ ಸೊಟ್ಟಗೇ ಇರ್ಲಿ ಬಿಡು.”

ಅವಳು ದಿಬ್ಬದ ಕಡೆ ನೋಡಿದಳು. ಬಗಾಂಬೆಯ ಬೆನ್ನು ಕಾಣುತ್ತಿತ್ತು. ತನಗೆ ಗೊತ್ತಾಗದ ಗೆರೆ ಅವನಿಗೂ ಗೊತ್ತಾಗದು. ಕೊನೆಯ ಸುತ್ತು ತಿರುಗಿಸಿ, ಅಚ್ಚಿನ ನಟ್ಟನ್ನು ಮೈಭಾರ ಹಾಕಿ ಬಿಗಿದಳು.

“ನಾಳೆ ಸಂತೆ, ಬೈಕೆಲ್ಲಾ ಇದೇ ದಾರೀಲಿ ಇಳೀತವೆ. ನೀರಿನ ಹತ್ರ ನಿಂತಿರು. ನಾನು ನಿನ್ನ ಜೊತೆ ಬರ್ತೀನಿ.”

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡ. “ನಮ್ಮಮ್ಮ ಕೇಳಿದ್ರೆ ನಿನ್ನ ಯಾರು ಅನ್ಲಿ?”

“ಮೆಕ್ಯಾನಿಕ್ ಅನ್ನು. ಆಮೇಲೆ ನಿಧಾನಕ್ಕೆ ನಿಜ ಹೇಳು.”

ಶನಿವಾರ ಸಂತೆಯ ಬೈಕುಗಳ ನಡುವೆ ಅವರದೂ ಇಳಿಯಿತು. ಮೊದಲ ತಿರುವಿನ ತನಕ ಅವಳು ಸೀಟಿನ ಹಿಂದಿನ ಕಬ್ಬಿಣವನ್ನೇ ಹಿಡಿದಿದ್ದಳು. ಎರಡನೆಯ ತಿರುವಿನಲ್ಲಿ ಕೈ ಅವನ ಸೊಂಟಕ್ಕೆ ಬಂತು. ಮುಜೂನಿ ವೇಗ ಹೆಚ್ಚಿಸಲಿಲ್ಲ. ಒಂದು ಕೈಯನ್ನು ಹ್ಯಾಂಡಲ್‌ನಿಂದ ತೆಗೆದು ಅವಳ ಕೈಯ ಮೇಲಿಟ್ಟ.