ಕರಡಿಯ ಕೈಯಷ್ಟು ಎತ್ತರ

ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಅವನು, ಅವಳು ಬರುವುದನ್ನು ಕಂಡ ಕೂಡಲೇ ನಕ್ಕುಬಿಟ್ಟ. ಎಡವಟ್ಟಾಗಿದ್ದು ಅಲ್ಲೇ.

ಅವಳು ಅಂದು ಜೀವನದಲ್ಲಿ ಮೊದಲ ಸಲ ಹೈ ಹೀಲ್ಸ್ ಹಾಕಿದ್ದಳು. ನಾಲ್ಕಿಂಚಿನವು. ಮನೆಯಿಂದ ನಿಲ್ದಾಣಕ್ಕೆ ಬರುವಷ್ಟರಲ್ಲಿ ಎರಡು ಸಲ ಕಾಲು ಹೊರಳಿತ್ತು, ಹಿಮ್ಮಡಿ ಆಗಲೇ ಸುಲಿದಿತ್ತು.

"ಏನ್ ನಗು?" ಎಂದಳು.

"ಅಲ್ಲಾ, ಇಡೀ ದಿನ ನಡೆಯೋದಿದೆ ಅಂತ ಹೇಳಿದ್ದೆ ತಾನೆ? ನೀನು ನೋಡಿದ್ರೆ ಬಹುಮಾನ ತಗೊಳ್ಳೋಕೆ ಸ್ಟೇಜ್ ಹತ್ತೋ ಹಾಗೆ ಬಂದಿದ್ದೀಯ."

"ಹಾಕ್ಕೋಬಾರದಾ ನಾನು?"

"ಹಾಕ್ಕೋ ಮಹಾತಾಯಿ, ಯಾರು ಬೇಡ ಅಂದ್ರು!"

ಅವಳು ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಊಟದ ಚೀಲವನ್ನು ಇಬ್ಬರ ನಡುವೆ ಗೋಡೆಯ ಹಾಗೆ ಇಟ್ಟಳು. ಅವನು ಆ ಚೀಲವನ್ನೂ ಅವಳ ಮುಖವನ್ನೂ ಸರದಿಯಲ್ಲಿ ನೋಡುತ್ತಾ ಕೂತ.

ಅವರಿಬ್ಬರಿಗೆ ಪರಿಚಯವಾಗಿ ಎರಡು ವರ್ಷ. ಅವಳು ಒಂದು ಹಳೇ ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ಬಟ್ಟೆ ಆಲ್ಟರೇಶನ್ ಅಂಗಡಿ ಇಟ್ಟಿದ್ದಳು. ಒಂದು ಮಧ್ಯಾಹ್ನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಳು. ಮುಕ್ಕಾಲು ಗಂಟೆ ಹೊರಗಿನಿಂದ ಒಂದು ದನಿ ಅವಳೊಂದಿಗೆ ಮಾತಾಡುತ್ತಲೇ ಇತ್ತು: ಹೆದರಬೇಡಿ, ಗಾಳಿ ಬರುತ್ತೆ, ಈ ಲಿಫ್ಟಿಗೆ ವಯಸ್ಸಾಗಿದೆ ಅಷ್ಟೇ, ಬುದ್ಧಿ ಕೆಟ್ಟಿಲ್ಲ. ಕೊನೆಗೆ ಬಾಗಿಲು ತೆರೆದಾಗ ಆರಡಿ ಎರಡಿಂಚಿನ ಮೆಕ್ಯಾನಿಕ್ ತನ್ನ ಎತ್ತರಕ್ಕೇ ನೇರ ನೋಡಿ, "ಅರೆ, ಯಾರೂ ಇಲ್ವಲ್ಲ!" ಅಂದಿದ್ದ. "ಸ್ವಲ್ಪ ಕೆಳಗಡೆ ನೋಡಿ ಸಾರ್," ಅಂದಿದ್ದಳು ಅವಳು. ಅವತ್ತು ಇಬ್ಬರೂ ನಕ್ಕಿದ್ದರು. ಅವನಿಗೆ ಅವಳು ಅವತ್ತಿನಿಂದ ಟೈಲರ್ ಮೇಡಂ. ಅವಳಿಗೆ ಅವನು ಮೆಕ್ಯಾನಿಕ್ಕು.

ಆದರೆ ಕಳೆದ ಗುರುವಾರ ಅವನ ಅಕ್ಕ ಅಂಗಡಿಗೆ ಬಂದಿದ್ದಳು. ತಾಯಿ ಹೋದ ಮೇಲೆ ಅವನನ್ನು ಸಾಕಿದ ಅಕ್ಕ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ಜಿಪ್ ಹಾಕಿಸುವ ನೆಪದಲ್ಲಿ ಬಂದು, ಸ್ಟೂಲಿನ ಮೇಲೆ ಕೂತು, ಬಹಳ ಮೃದುವಾಗಿ ಹೇಳಿದ್ದಳು.

"ನೋಡಮ್ಮ, ನೀನು ಒಳ್ಳೆಯವಳೇ. ಕೆಲಸವೂ ಅಚ್ಚುಕಟ್ಟು. ಆದ್ರೆ ನಿಮ್ಮಿಬ್ಬರನ್ನ ಅಕ್ಕಪಕ್ಕ ನಿಲ್ಲಿಸಿ ನೋಡೋಕಾಗಲ್ಲ. ನಾಲ್ಕು ಜನ ಆಡ್ಕೋತಾರೆ. ಅವನಿಗೆ ಹೇಳೋಕೆ ನನಗೆ ಮನಸ್ಸು ಬರಲ್ಲ. ನೀನಾದ್ರೂ ಅರ್ಥ ಮಾಡ್ಕೋ."

ಅವಳು ಜಿಪ್ ಹಾಕಿ, ಮಡಚಿ, ಕವರಿನಲ್ಲಿಟ್ಟು ಕೊಟ್ಟಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕನ ಮಾತಿಗಿಂತ ತನ್ನ ಆ ಮೌನವೇ ಒಂದು ವಾರದಿಂದ ಅವಳನ್ನು ಚುಚ್ಚುತ್ತಿತ್ತು. ಮರುದಿನವೇ ಹೋಗಿ ಹೀಲ್ಸ್ ಕೊಂಡಳು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಇನ್ನಷ್ಟು ಸಿಟ್ಟು ಬಂತು. ಸಾಕು, ಇದನ್ನೆಲ್ಲ ಮುಗಿಸಿಬಿಡೋಣ ಎಂದುಕೊಂಡಳು. ಅಷ್ಟರಲ್ಲಿ ಅವನು ಟಿಕೆಟ್ ಹಿಡಿದುಕೊಂಡು ಬಂದಿದ್ದ. ಥೀಮ್ ಪಾರ್ಕಿನಲ್ಲಿ ವಾರದ ನಡುವಿನ ಆಫರ್: ಒಂದು ಕೊಂಡರೆ ಇನ್ನೊಂದು ಉಚಿತ. ಈ ಒಂದು ದಿನ ಜೊತೆಗಿದ್ದು, ಸಂಜೆ ವಾಪಸ್ ಬರುವಾಗ ಹೇಳಿಬಿಡುವುದೆಂದು ಅವಳು ತೀರ್ಮಾನಿಸಿದ್ದಳು.

ಎರಡು ಬಸ್ ಬದಲಿಸಿ ಪಾರ್ಕ್ ತಲುಪಿದಾಗ ಗೇಟಿನ ಸೆಕ್ಯುರಿಟಿಯವನು ಚೀಲದೊಳಗೆ ಕೈಬಿಟ್ಟು ತಲೆ ಅಲ್ಲಾಡಿಸಿದ. "ಹೊರಗಿನ ಊಟ ಬಿಡಲ್ಲ. ಒಳಗೆ ಹೋಟೆಲ್ ಇದೆ."

"ಒಳಗಿನ ಬೆಲೆ ನಮ್ಮ ಜೇಬಿಗೆ ಎಟುಕಲ್ಲ ಸಾರ್," ಎಂದ ಅವನು.

"ರೂಲ್ಸು."

ಅವಳು ಚೀಲ ಕಿತ್ತುಕೊಂಡಳು. "ಊಟವನ್ನ ಚೀಲದಲ್ಲಿ ಒಯ್ಯೋ ಹಾಗಿಲ್ಲ. ಹೊಟ್ಟೆಯಲ್ಲಿ ಒಯ್ಯಬಹುದು ತಾನೆ?"

ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸೆಕ್ಯುರಿಟಿಯವನ ಎದುರೇ ಕೂತು ಬೆಳಿಗ್ಗೆ ಹತ್ತು ಗಂಟೆಗೆ ಮಧ್ಯಾಹ್ನದ ಊಟ ಮುಗಿಸಿದರು. ಆರು ಸ್ಲೈಸ್ ಬ್ರೆಡ್ಡು, ನಾಲ್ಕು ಬೇಯಿಸಿದ ಮೊಟ್ಟೆ, ನಾಲ್ಕು ಬಾಳೆಹಣ್ಣು, ಫ್ಲಾಸ್ಕಿನ ತುಂಬ ಚಹಾ. ಕೊನೆಯ ಮೊಟ್ಟೆಯನ್ನು ಅವನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು, ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ ಅವಳತ್ತ ನೋಡಿದ. ನಗಬಾರದೆಂದು ಅವಳು ತುಟಿ ಕಚ್ಚಿದಳು. ಚಹಾ ಮೂಗಿಗೆ ಹತ್ತಿತು.

"ಹಾಂ, ನಕ್ಕೆ," ಎಂದ.

"ಕೆಮ್ಮಿದೆ."

"ಕೆಮ್ಮಿದ್ರೆ ಗುಳಿ ಬೀಳಲ್ಲ ಕೆನ್ನೇಲಿ."

ಒಳಗೆ ಜನ ಕಡಿಮೆ. ತಿರುಗುವ ಕುದುರೆ ಹತ್ತಿದರು; ಅವನ ಪಾದ ಎರಡೂ ಕಡೆ ನೆಲಕ್ಕೆ ತಾಗುತ್ತಿತ್ತು. ಡಿಕ್ಕಿ ಕಾರಿನಲ್ಲಿ ಅವಳು ವಾರದ ಸಿಟ್ಟನ್ನೆಲ್ಲ ಹಾಕಿ ಅವನನ್ನು ಗೋಡೆಗೆ ಗುದ್ದಿದಳು. "ಏನಾದ್ರೂ ಹೇಳೋದಿದ್ರೆ ಬಾಯಲ್ಲಿ ಹೇಳು, ಬಂಪರಲ್ಲಿ ಬೇಡ!" ಎಂದು ಅವನು ಕೂಗಿದ. ಜೈಂಟ್ ವೀಲ್ ಮೇಲೆ ಹೋದಾಗ ಗಾಳಿಗೆ ಅವಳ ಕೂದಲು ಅವನ ಮುಖಕ್ಕೆ ಬಡಿಯಿತು. ಅವನು ಅದನ್ನು ಸರಿಸಲಿಲ್ಲ. ಕಣ್ಣು ಮುಚ್ಚಿ ಹಾಗೇ ಕೂತಿದ್ದ. ಅವಳು ಕದ್ದು ನೋಡಿದಳು. ಸಂಜೆ ಹೇಳಬೇಕಾದ ಮಾತು ನೆನಪಾಗಿ ಮುಖವನ್ನು ಆ ಕಡೆ ತಿರುಗಿಸಿದಳು.

ಮಧ್ಯಾಹ್ನ ಕಳೆದು ಸಂಜೆಯಾಗುವ ಹೊತ್ತಿಗೆ ಪಾರ್ಕಿನ ದೊಡ್ಡ ಆಟದ ಮುಂದೆ ಬಂದರು. ರೋಲರ್ ಕೋಸ್ಟರ್. ಹಳಿಗಳು ಆಕಾಶಕ್ಕೆ ಹತ್ತಿ, ಅಲ್ಲೇ ಮಗುಚಿ, ಕೆಳಗೆ ಬೀಳುತ್ತಿದ್ದವು.

"ಇದು ನನಗೆ ಬೇಕು," ಎಂದಳು.

ಸಾಲಿನ ತುದಿಯಲ್ಲಿ ಒಂದು ಮರದ ಕರಡಿ ಗೋಡೆಗೆ ಅಂಟಿ ನಿಂತು ಕೈ ಚಾಚಿತ್ತು. ಕೈಯ ಮೇಲೆ ಬರೆದಿತ್ತು: ೧೪೦ ಸೆಂ.ಮೀ. ಇದಕ್ಕಿಂತ ಕುಳ್ಳಗಿರುವವರಿಗೆ ಪ್ರವೇಶವಿಲ್ಲ. ಪಕ್ಕದಲ್ಲಿ ಹಸಿರು ಟೀ ಶರ್ಟಿನ ಆಪರೇಟರ್.

"ಮೇಡಂ, ಚಪ್ಪಲಿ ಬಿಚ್ಚಿ ನಿಲ್ಲಿ."

ಅವಳು ಹೀಲ್ಸ್ ಬಿಚ್ಚಿ ಕರಡಿಯ ಕೈ ಕೆಳಗೆ ನಿಂತಳು. ತಲೆಗೂ ಕೈಗೂ ನಡುವೆ ಎರಡು ಬೆರಳಿನ ಸಂದು ಉಳಿಯಿತು. ಹಿಂದೆ ಯಾರೋ ಕಿಸಕ್ಕೆಂದರು. "ಮಕ್ಕಳ ರೈಲು ಆ ಕಡೆ ಇದೆ," ಎಂದಿತು ಇನ್ನೊಂದು ದನಿ.

ಅವನ ಕಿವಿ ಕೆಂಪಾಯಿತು. ಅವಳ ತೋಳು ಹಿಡಿದು ಮೆಲ್ಲಗೆ, "ಬಾ ಹೋಗೋಣ. ಬೇರೆ ಆಟ ಎಷ್ಟಿಲ್ಲ?" ಎಂದ.

"ನಿನಗೂ ನಾಚಿಕೆ ಆಯ್ತಾ?"

"ಅಯ್ಯೋ, ಹಾಗಲ್ಲ..."

"ಹಾಗಿದ್ರೆ ಕೈ ಬಿಡು."

ಎಂಟು ವರ್ಷದಿಂದ ಊರವರ ಮೈ ಅಳೆದವಳು ಅವಳು. ತನ್ನ ಅಳತೆ ಎಷ್ಟೆಂದು ಒಂದು ದಾರದ ಎಳೆಯಷ್ಟೂ ತಪ್ಪದೆ ಅವಳಿಗೆ ಗೊತ್ತಿತ್ತು. ಕೈಚೀಲದ ತಳದಿಂದ ಟೇಪು ತೆಗೆದು, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನ ಕೆಳಗೆ ಒತ್ತಿ, ಇನ್ನೊಂದು ತುದಿಯನ್ನು ಕರಡಿಯ ಕೈಗೆ ಎಳೆದಳು.

"ಓದಿ ಸಾರ್," ಎಂದಳು ಆಪರೇಟರಿಗೆ.

"ಮೇಡಂ, ಅದೆಲ್ಲ..."

"ಓದಿ. ಎಷ್ಟಿದೆ?"

ಆಪರೇಟರ್ ಬಗ್ಗಿ ನೋಡಿದ. "ನೂರ ನಲವತ್ತ... ನಾಲ್ಕು."

"ನಿಮ್ಮ ಕರಡಿ ಬಾಯಲ್ಲಿ ಹೇಳೋದು ನೂರ ನಲವತ್ತು. ಕೈಯಲ್ಲಿ ತೋರಿಸೋದು ನೂರ ನಲವತ್ತನಾಲ್ಕು. ನಾನು ನೂರ ನಲವತ್ತೊಂದೂವರೆ. ಈಗ ಹೇಳಿ, ತಪ್ಪು ನನ್ನದಾ ಕರಡಿದಾ?"

ಆಪರೇಟರ್ ವಾಕಿಟಾಕಿಯಲ್ಲಿ ಸೂಪರ್‌ವೈಸರನ್ನು ಕರೆದ. ಸೂಪರ್‌ವೈಸರ್ ಬಂದು, ಬೋರ್ಡು ಹಾಕಿದ್ದು ಕಂಪನಿಯವರು, ತಪ್ಪಾಗಲು ಸಾಧ್ಯವೇ ಇಲ್ಲ, ದಯವಿಟ್ಟು ಸಾಲು ಬಿಡಿ ಎಂದ. ಅವಳು ಕದಲಲಿಲ್ಲ. ಬರಿಗಾಲಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಅವನ ಟೈ ಪಿನ್ನಿನ ಎತ್ತರದಿಂದ ಅವನ ಕಣ್ಣನ್ನೇ ನೋಡುತ್ತಾ ನಿಂತಳು.

ಅಷ್ಟರಲ್ಲಿ ಮೆಕ್ಯಾನಿಕ್ಕು ಕರಡಿಯ ಬುಡದಲ್ಲಿ ಮಂಡಿಯೂರಿದ್ದ. "ಸಾರ್, ಇಲ್ಲಿ ನೋಡಿ. ನಾಲ್ಕು ಬೋಲ್ಟಿನ ತೂತು. ಇಲ್ಲೊಂದು ಹಲಗೆ ಇತ್ತು, ಅದರ ಮೇಲೆ ನಿಲ್ಲಿಸಿ ಅಳೀತಿದ್ರಿ. ಹಲಗೆ ಕಿತ್ತಿದ್ದೀರಿ, ಕರಡಿನ ಕೆಳಗೆ ಇಳಿಸಿಲ್ಲ. ನೂರ ನಲವತ್ತಕ್ಕೆ ಸೇಫ್ ಅಂತ ನಿಮ್ಮ ಕಂಪನಿಯವರೇ ಬರೆದಿದ್ದಾರಲ್ಲ?"

ಆಪರೇಟರ್ ತಲೆ ಕೆರೆದುಕೊಂಡ. "ಹೌದು ಸಾರ್. ಮೂರು ತಿಂಗಳ ಹಿಂದೆ ಹಲಗೆ ಕೊಳೆತು ಲಡ್ಡು ಹಿಡಿದಿತ್ತು, ತೆಗೆಸಿದ್ವಿ."

"ಅಂದ್ರೆ ನಾನೂ ಹೋಗಬಹುದಾ?" ಎಂಬ ದನಿ ಬೇಲಿಯಾಚೆಯಿಂದ ಬಂತು. ಮೊಮ್ಮಕ್ಕಳನ್ನು ಆಟಕ್ಕೆ ಕಳಿಸಿ ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ಎದ್ದು ಬರುತ್ತಿದ್ದಳು. ಅವಳ ತಲೆ ಟೈಲರ್ ಮೇಡಂ ತಲೆಗೆ ಸರಿಸಮ. "ಬೆಳಿಗ್ಗೆ ನನ್ನನ್ನೂ ವಾಪಸ್ ಕಳಿಸಿದ್ರು. ವಯಸ್ಸಾಯ್ತು ಅಂತ ಹೇಳಿದ್ರೆ ಒಪ್ಕೋತಿದ್ದೆ. ಕುಳ್ಳಿ ಅಂದ್ರು! ಅಳೆಯಮ್ಮ ನನ್ನ."

ಅವಳು ಅಳೆದಳು. ನೂರ ನಲವತ್ತೊಂದು. ಅಜ್ಜಿ ಚಪ್ಪಾಳೆ ತಟ್ಟಿದಳು. ಆಗ ಸಾಲಿನವರೂ ತಟ್ಟಿದರು, ಮೊದಲು ಕಿಸಕ್ಕೆಂದವರೂ ಸೇರಿ. ಅವರ ಚಪ್ಪಾಳೆಯಿಂದ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ. ಸೂಪರ್‌ವೈಸರ್ ಗೇಟು ತೆಗೆಸಿದ ಮೇಲೆ ಮೊದಲ ಡಬ್ಬಿಯ ಮೊದಲ ಸೀಟು ಕೇಳಿ ಕೂತಳು.

ರೈಲು ಕಟಕಟನೆ ಮೇಲೇರಿತು. ತುದಿಯಲ್ಲಿ ಒಂದು ಕ್ಷಣ ನಿಂತಾಗ ಅವನು ಅವಳ ಕೈ ಹುಡುಕಿದ. ಅವನ ಅಂಗೈ ಒದ್ದೆಯಾಗಿತ್ತು.

"ಹೆದರಿಕೆನಾ?"

"ಲಿಫ್ಟಾದ್ರೆ ಬ್ರೇಕ್ ಎಲ್ಲಿದೆ ಅಂತ ಗೊತ್ತಿರುತ್ತೆ ಕಣೆ..."

ಮುಂದಿನ ಮಾತು ಕೂಗಾಗಿ ಹೋಯಿತು. ಅವಳೂ ಕೂಗಿದಳು. ಗುರುವಾರ ಅಂಗಡಿಯಲ್ಲಿ ಆಡದೆ ನುಂಗಿದ್ದನ್ನೆಲ್ಲ ಕೂಗಿದಳು. ಹಿಂದಿನ ಸೀಟಿನಲ್ಲಿ ಅಜ್ಜಿ ಕೇಕೆ ಹಾಕುತ್ತಿದ್ದಳು.

ಇಳಿದು ಮರದ ನೆರಳಿಗೆ ಬಂದಾಗ ಮಾತು ತಾನಾಗಿ ಹೊರಬಂತು. "ನಿಮ್ಮ ಅಕ್ಕ ಅಂಗಡಿಗೆ ಬಂದಿದ್ರು."

ಅವನು ನೆಲ ನೋಡಿದ. "ಗೊತ್ತು. ಮನಸ್ಸು ತಡೀದೆ ಅವತ್ತೇ ರಾತ್ರಿ ಹೇಳಿದ್ಲು."

"ಗೊತ್ತಿದ್ದೂ ಸುಮ್ಮನಿದ್ಯಾ? ಒಂದು ವಾರ?"

"ಅಕ್ಕನ್ನ ನೋಯಿಸಬೇಕು, ಇಲ್ಲಾ ನಿನ್ನ. ಎರಡೂ ಆಗಲಿಲ್ಲ. ಟಿಕೆಟ್ ತಂದೆ."

"ಜೈಂಟ್ ವೀಲ್ ಹತ್ತಿಸಿದ್ರೆ ಮರೆತುಬಿಡ್ತಾಳೆ ಅಂದ್ಕೊಂಡ್ಯಾ?"

"ಹೂಂ," ಎಂದ ಅವನು. ಸುಳ್ಳು ಹೇಳಲಿಲ್ಲ. "ಹೇಡಿತನ ಮಾಡಿದೆ. ಈಗ ಆ ಸಾಲಲ್ಲೂ ಅದನ್ನೇ ಮಾಡ್ದೆ. ಬಾ ಹೋಗೋಣ ಅಂದೆ. ನೀನು ಹೋಗಲಿಲ್ಲ. ನೀನು ಬರಿಗಾಲಲ್ಲಿ ನಿಂತು ಆ ಸೂಪರ್‌ವೈಸರ್‌ನ ನೋಡ್ತಿದ್ಯಲ್ಲ, ಆಗ ಅನ್ನಿಸ್ತು, ಇವಳ ಪಕ್ಕ ನಿಂತ್ಕೊಳ್ಳೋಕೆ ನನ್ನ ಎತ್ತರ ಸಾಲದು ಅಂತ."

ಅವಳಿಗೆ ಸಿಟ್ಟು ಇಳಿಯಬಾರದೆಂದಿತ್ತು. ಇಳಿಯತೊಡಗಿತು. "ಡೈಲಾಗ್ ಬೇಡ," ಎಂದಳು. "ಫೋನ್ ತೆಗಿ."

"ಯಾಕೆ?"

"ಎರಡು ವರ್ಷದಲ್ಲಿ ನಮ್ಮಿಬ್ಬರದು ಎಷ್ಟು ಫೋಟೋ ಇದೆ? ಎಲ್ಲದರಲ್ಲೂ ಕೂತಿದ್ದೀವಿ. ಇಲ್ಲಾ ನೀನು ಬಗ್ಗಿದ್ದೀಯ. ನಿಂತಿರೋದು ಒಂದೂ ಇಲ್ಲ."

ಅಜ್ಜಿಯನ್ನು ಕರೆದು ಫೋನ್ ಕೊಟ್ಟಳು. ಅವನು ಅಭ್ಯಾಸಬಲದಿಂದ ಮಂಡಿ ಬಗ್ಗಿಸಿದ.

"ನೆಟ್ಟಗೆ ನಿಲ್ಲು."

ಅವನು ನೆಟ್ಟಗೆ ನಿಂತ, ಆರಡಿ ಎರಡಿಂಚೂ. ಅವಳು ಬರಿಗಾಲಲ್ಲೇ, ಹೀಲ್ಸ್ ಕೈಯಲ್ಲಿ ಹಿಡಿದು, ಅವನಿಗೆ ತಾಗಿ ನಿಂತಳು. ಅವಳ ತಲೆ ಅವನ ಎದೆಯ ಜೇಬಿನಷ್ಟಕ್ಕೇ ಬಂತು. ಅಜ್ಜಿ ಎರಡು ಹೆಜ್ಜೆ ಹಿಂದೆ ಹೋದಳು. "ಇಬ್ಬರೂ ಪೂರ್ತಿ ಬರಬೇಕಲ್ಲ!"

ಪೂರ್ತಿ ಬಂದರು. ಕೂದಲು ಕೆದರಿದೆ, ಅವನ ಮುಖ ಇನ್ನೂ ಬಿಳಿಚಿದೆ, ಅವಳ ಹಿಮ್ಮಡಿಯಲ್ಲಿ ರಕ್ತ. ಅವಳು ಹೇಳದೆಯೇ ಅವನು ಫೋಟೋವನ್ನು ಅಕ್ಕನ ನಂಬರಿಗೆ ಕಳಿಸಿದ. ಕೆಳಗೆ ಟೈಪ್ ಮಾಡಿದ: ಇವಳೇ. ನಾವು ಹೀಗೇ ಇರೋದು.

ಎರಡೇ ನಿಮಿಷಕ್ಕೆ ಫೋನ್ ಬಡಿದುಕೊಂಡಿತು. ಅವನು ಎತ್ತಿ, "ಅಕ್ಕಾ, ನೀನು ಅವಳ ಹತ್ರ ಆಡಿದ ಮಾತು ತಪ್ಪು," ಎಂದ. ದನಿ ನಡುಗಿತು, ನಿಲ್ಲಲಿಲ್ಲ. "ನನಗೆ ಹೇಳೋದಿದ್ರೆ ನನಗೇ ಹೇಳು. ನಾನು ಕೇಳಲ್ಲ, ಅದು ಬೇರೆ ವಿಷಯ."

ಅವಳು ಕೈ ಚಾಚಿದಳು. "ಇಲ್ಲಿ ಕೊಡು."

"ಅಕ್ಕಾ, ನಾನು. ಅವತ್ತು ಏನೂ ಮಾತಾಡಲಿಲ್ಲ, ಅದಕ್ಕೆ ಈಗ ಮಾತಾಡ್ತಿದ್ದೀನಿ. ಜನ ಆಡ್ಕೋತಾರೆ ಅಂದ್ರಿ. ಆಡ್ಕೊಂಡ್ರು, ಈಗ ತಾನೆ, ಎದುರಿಗೇ. ನಮಗೇನೂ ಆಗಲಿಲ್ಲ. ಮುಂದಿನ ತಿಂಗಳು ರಿಜಿಸ್ಟ್ರಾರ್ ಆಫೀಸಲ್ಲಿ ಸಾಕ್ಷಿ ಸಹಿ ಹಾಕೋಕೆ ಒಬ್ಬರು ದೊಡ್ಡೋರು ಬೇಕು. ಇವನನ್ನ ಸಾಕಿದವರು ನೀವು. ನೀವೇ ಬರಬೇಕು. ಬರದಿದ್ರೂ ಮದುವೆ ನಿಲ್ಲಲ್ಲ. ಬಂದ್ರೆ ನನಗೆ ಸಂತೋಷ."

ಆಸ್ಪತ್ರೆಯ ಕೌಂಟರಿನ ಗದ್ದಲದ ನಡುವಿನಿಂದ ಅಕ್ಕ, "ಯಾವ ವಾರ ಅಂತ ಮೊದಲೇ ಹೇಳು. ರಜೆ ಬರೀಬೇಕು," ಎಂದು ಫೋನಿಟ್ಟಳು. ದನಿಯಲ್ಲಿ ಪ್ರೀತಿ ಇರಲಿಲ್ಲ. ಬಾಗಿಲು ಮುಚ್ಚಿದ ಸದ್ದೂ ಇರಲಿಲ್ಲ.

ಅವನು ಬಾಯಿ ತೆರೆದುಕೊಂಡು ನಿಂತಿದ್ದ. "ಮುಂದಿನ ತಿಂಗಳಾ?"

"ಯಾಕೆ, ಕೆಲಸ ಇದೆಯಾ?"

"ನನ್ನನ್ನ ಒಂದು ಮಾತು ಕೇಳಲೇ ಇಲ್ಲ."

"ಈಗ ಕೇಳ್ತೀನಿ. ಮದುವೆ ಆಗ್ತೀಯಾ?"

ಸಂಜೆಯ ಬಿಸಿಲು ಅವನ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ತುಂಬಿದ್ದು ಅದಕ್ಕೇ ಎಂದು ಅವನು ಆಮೇಲೆ ಎಷ್ಟೋ ಸಲ ವಾದಿಸಿದ. ಆಗ ಮಾತ್ರ ವಾದಿಸಲಿಲ್ಲ. "ಆಗ್ತೀನಿ ಟೈಲರ್ ಮೇಡಂ," ಎಂದ. ಅವಳು ಅವನ ಅಂಗಿಯ ಕಾಲರಿಗೆ ಕೈಹಾಕಿ ಅವನ ಮುಖವನ್ನು ತನ್ನತ್ತ ಎಳೆದುಕೊಂಡಳು. ಅಜ್ಜಿ ಮೊಮ್ಮಕ್ಕಳನ್ನು ಆ ಕಡೆ ತಿರುಗಿಸಿ, ತಾನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಳು.