ಸಹಿ ಹಾಕದ ರೋಗಿ

"ತಲೆನೋವು ಎಷ್ಟು ದಿನದಿಂದ?"

"ಮೂರು ವಾರದಿಂದ ಡಾಕ್ಟ್ರೇ..."

"ವಾಂತಿ? ಜ್ವರ? ಕಣ್ಣು ಮಂಜಾಗೋದು?"

ಪ್ರಶ್ನೆಗಳು ಆಲಿಕಲ್ಲಿನಂತೆ ಬಿದ್ದವು. ಕೇಳುತ್ತಿದ್ದವನ ಕಣ್ಣು ಮಾತ್ರ ಅವಳ ತಲೆಯ ಮೇಲಿದ್ದ ಗೋಡೆ ಗಡಿಯಾರದಲ್ಲೇ ನೆಟ್ಟಿತ್ತು!

'ಅಯ್ಯೋ ಮಹಾರಾಯ, ನೋವಿರೋದು ನನಗೆ, ಗಡಿಯಾರಕ್ಕಲ್ಲ...'

ನಿಜ ಹೇಳಬೇಕೆಂದರೆ ಅವಳಿಗೂ ನೋವಿರಲಿಲ್ಲ. ಅವಳು ನಾಟಕದ ಹುಡುಗಿ. ವೈದ್ಯಕೀಯ ಕಾಲೇಜಿನ ಕೊನೆಯ ವರ್ಷದವರ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ರೋಗಿಯಾಗಿ ಕೂರುವುದು ಅವಳ ಕೆಲಸ. ಪರದೆ ಕಟ್ಟಿದ ಪುಟ್ಟ ಕೋಣೆ, ಎದುರುಬದುರು ಎರಡು ಕುರ್ಚಿ, ಒಬ್ಬೊಬ್ಬರಿಗೆ ಎಂಟು ನಿಮಿಷ. ಮೂಲೆಯಲ್ಲಿ ಹಿರಿಯ ಮೇಡಂ ಪಟ್ಟಿ ಹಿಡಿದು ಅಂಕ ಹಾಕುತ್ತಾರೆ. ಕೊನೆಯ ಐದು ಅಂಕ ಮಾತ್ರ ರೋಗಿಯ ಕೈಯಲ್ಲಿ.

ಅವಳ ಪಾತ್ರಕ್ಕೊಂದು ಗುಟ್ಟಿತ್ತು. ಈ ಹೆಂಗಸಿನ ಅಮ್ಮ ಮೆದುಳಿನ ಗಡ್ಡೆಯಿಂದ ತೀರಿಕೊಂಡಿದ್ದಾಳೆ. ತನಗೂ ಅದೇ ಬಂತೇನೋ ಎಂಬ ದಿಗಿಲು. "ನಿಮಗೆ ಏನಂತ ಭಯ?" ಎಂದು ಕೇಳಿದವರಿಗಷ್ಟೇ ಬಾಯಿ ಬಿಡಬೇಕು.

ಅವನು ಕೇಳಲಿಲ್ಲ. ಬೆಲ್ ಹೊಡೆಯಿತು. ಅವಳು ಐದಕ್ಕೆ ಒಂದು ಹಾಕಿದಳು.

ಮುಂದಿನ ಶನಿವಾರ, ವಿದ್ಯಾರ್ಥಿಗಳ ಅಭ್ಯಾಸದ ಕೋಣೆಯಲ್ಲಿ ಅವಳು ರೋಗಿಯಾಗಿ ಕುಳಿತಿದ್ದಾಗ ಅವನೇ ಬಂದು ನಿಂತ!

"ನನ್ನನ್ನ ಫೇಲ್ ಮಾಡಿದ್ದು ನೀವೇ ಅಲ್ವಾ?"

"ನಾನಲ್ಲ, ಗಡಿಯಾರ."

ಅವನ ಮುಖ ಕೆಂಪೇರಿತು. ಆಮೇಲೆ ದನಿ ಇಳಿಯಿತು. "ಎರಡೇ ಎರಡು ಅಂಕ ಕಮ್ಮಿ. ಮರುಪರೀಕ್ಷೆನೂ ಕೈ ಕೊಟ್ರೆ ಒಂದು ವರ್ಷ ಹೋಯ್ತು... ಎದುರಿಗಿರೋರು ಅತ್ರೆ ನನಗೆ ಏನು ಮಾಡ್ಬೇಕೋ ತೋಚಲ್ಲ ರೀ. ಅದಕ್ಕೇ ಮುಖ ನೋಡಲ್ಲ."

ಅಷ್ಟು ಹೊತ್ತು ಬಿಗಿಹಿಡಿದಿದ್ದ ಅವಳ ಸಿಟ್ಟು ಬೆಣ್ಣೆಯಂತೆ ಕರಗಿತು.

"ಕೂತ್ಕೊಳ್ಳಿ ಗಡಿಯಾರದ ಡಾಕ್ಟ್ರೇ. ಅಳೋದು ನನ್ನ ಕೆಲಸ. ಓಡಿಹೋಗದೆ ಇರೋದು ನಿಮ್ಮ ಕೆಲಸ."

ಆರು ಶನಿವಾರ ಅವಳು ಏನೆಲ್ಲ ಆಗಲಿಲ್ಲ! ಕಿಡ್ನಿ ಕಲ್ಲಿನ ಹೆಂಗಸಾದಳು, ಜ್ವರದ ಮಗುವಿನ ತಾಯಾದಳು, ಕಿವಿ ಕೇಳದ ಅತ್ತೆಯೂ ಆದಳು. ನಾಲ್ಕನೆಯ ಶನಿವಾರ ಗಂಡನನ್ನು ಕಳೆದುಕೊಂಡವಳಾಗಿ ಅಳುತ್ತಿದ್ದಾಗ, ಅವನು ಕುರ್ಚಿಯನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡ. ಅವಳ ಕಣ್ಣನ್ನೇ ನೋಡುತ್ತಾ ಸುಮ್ಮನೆ ಕುಳಿತ.

'ಹೀಗೆ ಬಡ್ಕೊಳ್ತಿರೋದು ಯಾವ ಪಾತ್ರದ ಎದೆ?' ಅವಳಿಗೇ ಗಾಬರಿಯಾಯಿತು.

ಮನೆಯಲ್ಲಿ ಕನ್ನಡಿಯೆದುರು ನರಳುವುದನ್ನು ಅಭ್ಯಾಸ ಮಾಡುತ್ತಾ ಮಧ್ಯೆ ಮಧ್ಯೆ ನಗುತ್ತಿದ್ದ ಮೊಮ್ಮಗಳನ್ನು ಕಂಡು ಅಜ್ಜಿ ತಲೆ ಚಚ್ಚಿಕೊಂಡರು. "ಹೊಟ್ಟೆನೋವಲ್ಲಿ ಯಾರೇ ಹಿಂಗೆ ಕಿಸಿಯೋದು? ಈ ಕಾಯಿಲೆ ಬೇರೆ ಕಣೇ!"

ಕೊನೆಯ ಶನಿವಾರ ಅವನು ಅಳುಕುತ್ತಾ ಕೇಳಿದ. "ಪರೀಕ್ಷೆ ದಿನ ನೀವಿರ್ತೀರಾ?"

"ಇರ್ತೀನಿ."

ಅಂದದ್ದೇನೋ ಅಂದಳು. ಆದರೆ ಪರೀಕ್ಷೆಯ ಬೆಳಿಗ್ಗೆ ಮೇಡಂ ಮುಂದಿಟ್ಟ ಫಾರಂ ನೋಡಿ ಅವಳ ಕೈ ನಿಂತಿತು.

‘ಪರೀಕ್ಷಾರ್ಥಿಗಳಲ್ಲಿ ಯಾರೊಂದಿಗೂ ನನಗೆ ಸಂಬಂಧವಿಲ್ಲ.’ ಹೋದ ಸಲ ಇದಕ್ಕೆ ಓದದೆಯೇ ಸಹಿ ಗೀಚಿದ್ದಳು. ಕೆಳಗೆ ಇನ್ನೊಂದು ಸಾಲು: ‘ಇದ್ದರೆ, ಏನು ಸಂಬಂಧ?’

"ಯಾಕಮ್ಮಾ, ಪೆನ್ನು ಬರೀತಿಲ್ವಾ?"

"ಪೆನ್ನು ಬರೀತಿದೆ ಮೇಡಂ... ಕೈ ಬರ್ತಿಲ್ಲ."

ಮೇಡಂ ಕನ್ನಡಕ ಇಳಿಸಿದರು. "ಯಾರಿದ್ದಾರೆ ಒಳಗೆ? ತಮ್ಮನಾ?"

"ಅಲ್ಲ ಮೇಡಂ."

"ದಾಯಾದಿನಾ?"

"ಅಯ್ಯೋ, ಅಲ್ಲ ಮೇಡಂ!"

ಮೇಡಂ ಅವಳ ಮುಖವನ್ನೊಮ್ಮೆ ನೋಡಿದರು. ಮೂವತ್ತು ವರ್ಷ ರೋಗ ಪತ್ತೆ ಹಚ್ಚಿದ ಕಣ್ಣು! "ಸರಿ. ಇವತ್ತು ನಿನಗೆ ಯಾವ ಕಾಯಿಲೆನೂ ಇಲ್ಲ. ಆಚೆ ಕೂತ್ಕೋ."

ಅವಳ ಕುರ್ಚಿಗೆ ನಿವೃತ್ತ ಪೋಸ್ಟ್‌ಮ್ಯಾನ್ ತಾತನೊಬ್ಬ ಬಂದ.

ಕಾರಿಡಾರಿನ ಬೆಂಚಿನಲ್ಲಿ ಕುಳಿತವಳನ್ನು ಅವನು ಕಂಡ. 'ನೀವು... ಇಲ್ಲಿ?' ಎಂಬ ಪ್ರಶ್ನೆ ಕಣ್ಣಲ್ಲೇ ಉಳಿಯಿತು. ಮಾತಾಡುವಂತಿರಲಿಲ್ಲ. ಬೆಲ್! ಬಿಳಿಚಿದ ಮುಖ ಹೊತ್ತು ಅವನು ಪರದೆಯೊಳಗೆ ಹೋದ.

ಎಂಟು ನಿಮಿಷ... ಅವಳಿಗೆ ಎಂಟು ಯುಗ. 'ನನ್ನಿಂದಲೇ ಅವನ ವರ್ಷ ಹಾಳಾಗುತ್ತಾ?'

ಎಲ್ಲರ ಸರದಿ ಮುಗಿದ ಮೇಲೆ ತಾತ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದ.

"ಆ ತೆಳ್ಳಗಿನ ಹುಡುಗ ಯಾರಮ್ಮಾ? ‘ತಾತ, ನಿಮಗೆ ಏನಂತ ಭಯ?’ ಅಂತ ಕೇಳ್ಬಿಟ್ಟ. ಸುಳ್ಳು ಕಣ್ಣೀರು ಹಾಕೋಕೆ ಕೂತಿದ್ದೆ, ನಿಜದ್ದೇ ಬಂತು!"

ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಸಂಜೆ ಐದಕ್ಕೆ ಫಲಿತಾಂಶ ಅಂಟಿಸಿದರು. ಪಾಸ್! ರೋಗಿ ಕೊಟ್ಟ ಅಂಕ, ಐದಕ್ಕೆ ಐದು! ಗೆಳೆಯರು ಅವನನ್ನು ಎತ್ತಿ ಕುಣಿಸಿದರು. ಇಳಿದವನೇ ನೇರ ಅವಳ ಬಳಿ ಬಂದ. ಮುಖದಲ್ಲಿ ನಗುವಿರಲಿಲ್ಲ.

"ಇರ್ತೀನಿ ಅಂದಿದ್ರಿ. ನಾನು ಇನ್ನೊಂದು ಸಲ ಬೀಳೋದನ್ನ ನೋಡೋಕೆ ಮನಸ್ಸಿರ್ಲಿಲ್ವಾ?"

"ಹಾಗಲ್ಲ..."

"ಮತ್ತೆ ಹೇಗೆ?"

ನೂರು ಜನರೆದುರು ರಂಗದ ಮೇಲೆ ತಡವರಿಸದವಳು ಈಗ ತಡವರಿಸಿದಳು. "ಯಾರ ಜೊತೆನೂ ಸಂಬಂಧ ಇಲ್ಲ ಅಂತ ಸಹಿ ಹಾಕ್ಬೇಕಿತ್ತು, ಇದ್ರೆ ಏನು ಸಂಬಂಧ ಅಂತ ಬರೀಬೇಕಿತ್ತು... ಸಹಿ ಹಾಕೋಕೆ ಆಗ್ಲಿಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಾನು ಕೂತಿದ್ದು ಐದು ಕೊಟ್ಟಿದ್ರೆ, ಅದು ನಿಮ್ಮ ಗೆಲುವೋ ನನ್ನ ಆಸೆಯೋ ಅಂತ ಜೀವನ ಪೂರ್ತಿ ಅನುಮಾನ ಉಳೀತಿತ್ತು. ಈಗ ಗೆದ್ದಿದ್ದು ನೀವೇ. ಪೂರ್ತಿ ನೀವೇ!"

"ಮತ್ತೆ... ಏನು ಸಂಬಂಧ ಅಂತ ಬರೆದ್ರಿ?"

"ಖಾಲಿ ಬಿಟ್ಟೆ. ಒಬ್ಬಳೇ ತುಂಬೋ ಜಾಗ ಅಲ್ಲ ಅದು."

ಅವನ ಕಣ್ಣು ತುಂಬಿ ಬಂತು. ಆದರೂ ಅವಳ ಮುಖದಿಂದ ಕದಲಲಿಲ್ಲ. ತುಂಬ ಮೆಲ್ಲಗೆ ಅಂದ.

"ನೀನು..."

"ಏನಂದ್ರಿ?"

"ನೀನು ಅಂದೆ. ತಪ್ಪಾಯ್ತಾ?"

"ತಪ್ಪಲ್ಲ ಕಣೋ," ಅವಳು ಅವನ ಕೈ ಹಿಡಿದಳು, "ತಡ ಆಯ್ತು!"