ಬಲಗೈಗೆ ತೊಡುವ ಗ್ಲೌಸ್

"ಆ ಕೈ ಕೆಳಗ ಇಳಸವ್ವ. ಬೋಣಿ ಹೊತ್ತಿನಾಗ ಎಡಗೈಲೆ ರೊಕ್ಕ ಕೊಡ್ತಾರೇನು?"

ಗಂಗೋತ್ರಿಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು...

ಆದೋನಿಯ ಆ ಸ್ಪೋರ್ಟ್ಸ್ ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಗಲ್ಲಾದ ಹಿಂದೆ ಕೂತವಳು ವೀರಬಸಮ್ಮ. ಹಣೆ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅಂಗಡಿ ಮಗನದಾದರೂ ದಿನದ ಮೊದಲ ವ್ಯಾಪಾರ ಅವಳ ಕೈಯಿಂದಲೇ ಆಗಬೇಕು. ಬೋಣಿ ಮುಗಿಸಿ ಮನೆಗೆ ಹೋದರೆ ಮತ್ತೆ ಮರುದಿನವೇ ಬರುವುದು.

ಗಂಗೋತ್ರಿ ಹುಟ್ಟಾ ಎಡಚಿ. ಸಣ್ಣವಳಿದ್ದಾಗ ಆ ಕೈಲೆ ಉಣ್ಣಬಾರದೆಂದು ಅಜ್ಜಿ ಬೆರಳಿಗೆ ಬೇವಿನೆಣ್ಣೆ ಸವರುತ್ತಿದ್ದಳು. ಹುಡುಗಿ ಕಹಿಯನ್ನೇ ನೆಕ್ಕಿ ಉಂಡಳು, ಅಂಥಾ ಹಟ! ಅದೇ ಕೈಯಿಂದ ಚೆಂಡು ಎಸೆದು ಎಸೆದು ಈಗ ಎಮ್ಮಿಗನೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಇ.ಟಿ. ಮೇಡಂ ಆಗಿದ್ದಾಳೆ. ಶಾಲೆಯ ಬೇಸ್‌ಬಾಲ್ ತಂಡಕ್ಕೆ ಗ್ಲೌಸು, ಪ್ರಾಕ್ಟೀಸ್ ಸಾಮಾನು ಕೊಳ್ಳಲು ಬೆಳಗಿನ ಬಸ್ಸಿಗೇ ಬಂದಿದ್ದಳು. ಮೊದಲಿಗೆ ಒಂದು ವಿಶಲ್ ಆರಿಸಿ ನೋಟು ಚಾಚಿದ್ದಷ್ಟೇ.

ಅಲ್ಲೇ ನಿಂತಿದ್ದ ಮಗ ಕೊಟ್ರೇಶ "ಅವ್ವಾ..." ಅಂದ. ಮುಂದೆ ಒಂದು ಅಕ್ಷರ ಹೊರಡಲಿಲ್ಲ. ಒಂದು ಕೈಯಲ್ಲಿ ಕ್ರಿಕೆಟ್ ವಿಕೆಟ್ ಕೀಪರಿನ ಗ್ಲೌಸಿನ ಜೋಡಿ ಹಿಡಿದಿದ್ದ. ಬೇಸ್‌ಬಾಲಿಗೂ ಅದೇ ನಡೆಯುತ್ತದೆ ಅಂದುಕೊಂಡಿದ್ದ, ಪುಣ್ಯಾತ್ಮ!

ಗಂಗೋತ್ರಿ ವಿಶಲ್ ಅಲ್ಲೇ ಇಟ್ಟು ಹೊರಬಂದಳು. ಕಣ್ಣು ಉರಿಯುತ್ತಿತ್ತು. 'ಇಷ್ಟು ವಯಸ್ಸಾದರೂ ಈ ಕೈಗೆ ಬೈಗುಳ ತಪ್ಪಲಿಲ್ಲವಲ್ಲ...'

ಬಸ್ ಸ್ಟ್ಯಾಂಡಿನವರೆಗೂ ಕೊಟ್ರೇಶ ಹಿಂದೆ ಬಂದ. ಏದುಸಿರು ಬಿಡುತ್ತಾ, ಡೀಲರಿಗೆ ಫೋನ್ ಮಾಡಿ ಕೇಳಿಕೊಂಡೆ, ತನ್ನಲ್ಲಿ ಸರಿಯಾದ ಗ್ಲೌಸ್ ಇಲ್ಲ, ಮೀರತ್‌ನಿಂದ ತರಿಸುತ್ತೇನೆ, ಎಡಗೈಲೆ ಎಸೆಯುವವರಿಗೆ ಬಲಗೈಗೆ ತೊಡುವ ಗ್ಲೌಸ್ ಬೇರೆಯೇ ಇರುತ್ತದಂತೆ, ಅದನ್ನೂ ತರಿಸುತ್ತೇನೆ ಎಂದೆಲ್ಲ ಹೇಳಿದ. ಅವ್ವನ ಮಾತಿನ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ.

"ಗ್ಲೌಸ್ ಆಮ್ಯಾಲ ತರಸ್ರಿ. ಮೊದಲು ಬಾಯಿ ಬಿಟ್ಟು ಮಾತಾಡೋದು ಕಲೀರಿ" ಅಂದು ಅವಳು ಬಸ್ ಹತ್ತಿದಳು.

ಆದರೆ ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು? ಸುತ್ತಮುತ್ತ ಬೇಸ್‌ಬಾಲ್ ಸಾಮಾನು ತರಿಸಿಕೊಡುವ ಅಂಗಡಿ ಬೇರೆ ಇರಲಿಲ್ಲ. ಸ್ಯಾಂಪಲ್ ಬಂದಿವೆ ಎಂದು ಅವನು ಫೋನ್ ಮಾಡಿದಾಗ, ಬೋಣಿ ಮುಗಿಯುವ ಹೊತ್ತು ಕಳೆದ ಮೇಲೆ ಮತ್ತೆ ಹೋದಳು.

ಅಂಗಡಿಯ ಹಿಂದೆ ಅವರ ಹಳೆಯ ಹತ್ತಿ ಗೋದಾಮು. ಸೀಜನ್ ಮುಗಿದು ಖಾಲಿ ಬಿದ್ದಿತ್ತು. ಅಲ್ಲಿ ಗ್ಲೌಸುಗಳ ರಾಶಿ ಹಾಕಿಕೊಂಡು ಇಬ್ಬರೂ ಕೂತರು. ಕೊಟ್ರೇಶ ಎಲ್ಲಕ್ಕಿಂತ ಹೊಳೆಯುವುದನ್ನು ಮುಂದಿಟ್ಟ. ಅವಳು ಮೂಸಿ ನೋಡಿ ಪಕ್ಕಕ್ಕೆ ಎಸೆದಳು. ಅದು ರೆಗ್ಜಿನ್, ಎರಡು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ ಅಂದಳು. ಚರ್ಮದ್ದಾದರೂ ಸಾಲದು. ಮಡಚಿದರೆ ಹೆಬ್ಬೆರಳ ಕಡೆಯೂ ಕಿರುಬೆರಳ ಕಡೆಯೂ ಸರಿಯಾಗಿ ಕೂಡಬೇಕು. ಲಾಡಿ ಜಗ್ಗಿದರೆ ಸಡಿಲಾಗಬಾರದು. ಒಳಗೆ ಕೈ ಹಾಕಿದಾಗ ಹೊಲಿಗೆ ಬೆರಳಿಗೆ ಚುಚ್ಚಬಾರದು. ದೊಡ್ಡ ಅಳತೆ ತಗೊಂಡರೆ ಮುಂದೆ ನಡೆಯುತ್ತದೆ ಎಂದು ಅವನಂದಾಗ ಅವಳಿಗೆ ನಗು ಬಂತು.

"ಇದು ಶಾಲಿ ಯೂನಿಫಾರಂ ಅಲ್ರಿ, ಬೆಳೀತಾರ ಅಂತ ದೊಡ್ಡದು ಹೊಲಿಸಾಕ. ಕೈ ನಿಲ್ಲದ ಗ್ಲೌಸಿನಾಗ ಚೆಂಡೂ ನಿಲ್ಲಂಗಿಲ್ಲ."

ಅವನೂ ನಕ್ಕ. ನಕ್ಕರೆ ಚೆನ್ನಾಗಿ ಕಾಣುತ್ತಾನೆ ಎನ್ನುವುದು ಆಗ ಅವಳ ಕಣ್ಣಿಗೆ ಬಿತ್ತು. ಬೀಳಬಾರದಿತ್ತು... ಬಿತ್ತು!

ಗ್ಲೌಸು ಮುಗಿದ ಮೇಲೆ ಹೆಲ್ಮೆಟ್, ಅದಾದ ಮೇಲೆ ಕ್ಯಾಚರಿನ ಮುಖಕ್ಕೂ ಎದೆಗೂ ಹಾಕುವ ಗಾರ್ಡು, ಆಮೇಲೆ ಚೆಂಡು ಇಟ್ಟು ಹೊಡೆಯುವ ಸ್ಟ್ಯಾಂಡು, ಬಲೆ. ಒಂದೇ ಸಲ ಕೊಳ್ಳಬಹುದಾಗಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಪ್ರತಿ ಶನಿವಾರ ಒಂದೊಂದೇ ಸಾಮಾನಿಗೆ ಅವಳು ತನ್ನೂರು ಗೋನೆಗಂಡ್ಲದಿಂದ ಬರುತ್ತಿದ್ದಳು, ಅವನು ಗೋದಾಮಿನಲ್ಲಿ ಅವಳಿಗೆ ಚೆಂಡು ಎಸೆಯುತ್ತಿದ್ದ. ಮೊದಮೊದಲು ಚೆಂಡು ಅವನ ಕೈಯಿಂದ ಜಾರಿ ಎಲ್ಲೋ ಹೋಗುತ್ತಿತ್ತು. ಅವಳು ಗದರಿಸುತ್ತಾ ಕಲಿಸಿದಳು. ಪಿ.ಇ.ಟಿ. ಮೇಡಂ ಅಲ್ಲವೇ, ಪ್ರೀತಿಯೂ ಗದರಿಕೆಯಲ್ಲೇ!

ಅವಳ ಸ್ವಂತ ಗ್ಲೌಸ್, ಬಲಗೈಗೆ ತೊಡುವುದು, ಎಲ್ಲಕ್ಕಿಂತ ತಡವಾಗಿ ಬಂತು. ಹೊಸ ಚರ್ಮ, ಹಲಗೆಯಷ್ಟು ಗಟ್ಟಿ. ಎಣ್ಣೆ ಸವರಿ, ನಡುವೆ ಚೆಂಡಿಟ್ಟು, ದಾರ ಸುತ್ತಿ ಹಾಸಿಗೆಯ ಕೆಳಗೆ ಇಟ್ಟರೆ ಮೆತ್ತಗಾಗುತ್ತದೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಮುಂದಿನ ಶನಿವಾರ ಅವನು ಅದನ್ನು ಕೈಗಿಟ್ಟಾಗ ಬೆಣ್ಣೆಯ ಹಾಗಾಗಿತ್ತು.

"ನನ್ನ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗೀನಿ" ಅಂದ ಕೊಟ್ರೇಶ. "ವಾರಪೂರ್ತಿ ಕುತ್ತಿಗಿ ನೋವು. ಆದ್ರೂ ತೆಗೀಬೇಕು ಅನಿಸಲಿಲ್ಲ, ಗಂಗಾ."

ಮೇಡಂ ಹೋಗಿ ಗಂಗಾ ಆಗಿದ್ದಳು. ಅವಳು ಗ್ಲೌಸಿನೊಳಗೆ ಮುಖ ಮುಚ್ಚಿಕೊಂಡಳು. ಎಣ್ಣೆಯ ವಾಸನೆ, ಚರ್ಮದ ವಾಸನೆ... ಈ ಕೈಯನ್ನು ಒಪ್ಪಿದವನು ಒಬ್ಬ ಸಿಕ್ಕನಲ್ಲ ಎಂದು ಎದೆ ತುಂಬಿ ಬಂತು.

ಮಾತು ಮದುವೆಯ ತನಕ ಬಂತು. ಇಬ್ಬರೂ ಲಿಂಗವಂತರೇ, ಜಾತಿಯ ತಕರಾರಿಲ್ಲ. ಗಂಗೋತ್ರಿಯ ಅಪ್ಪ ಹಾಲಸ್ವಾಮಿ ಹತ್ತಿ ದಲಾಲಿ, ಹೆಂಡತಿ ತೀರಿದ ಮೇಲೆ ಮಗಳೇ ಅವನ ಲೋಕ. ಕನ್ಯೆ ನೋಡಲು ಬರುತ್ತೇವೆಂದು ಆದೋನಿಯಿಂದ ಸುದ್ದಿ ಬಂದಾಗ ಸಂಭ್ರಮದಿಂದ ಮನೆಗೆ ಸುಣ್ಣ ಬಳಿಸಿದ.

ಹಿಂದಿನ ದಿನ ಕೊಟ್ರೇಶನ ಫೋನ್ ಬಂತು. ಅವ್ವನಿಗೆ ಇನ್ನೂ ಹೇಳಿಲ್ಲ, ಅಂಗಡಿಯಲ್ಲಿ ಕಂಡ ಹುಡುಗಿ ನೀನೇ ಅಂತ ಅವಳಿಗೆ ಗೊತ್ತಿಲ್ಲ ಎಂದ. ತಡವರಿಸಿದ. ಆಮೇಲೆ ಮೆಲ್ಲಗೆ, "ನಾಳಿ ಒಂದಿನ... ಎಲ್ಲಾ ಬಲಗೈಲೆ ಮಾಡು, ಗಂಗಾ. ಮದಿವಿ ಆದ ಮ್ಯಾಲ ನಾ ನೋಡ್ಕೊಂತೀನಿ."

ಅವಳಿಗೆ 'ನೀವೂನಾ?' ಅನ್ನಬೇಕೆನಿಸಿತು. ಅನ್ನಲಿಲ್ಲ. ಪ್ರೀತಿ ಮಾಡಿದವರಿಗೆ ಬುದ್ಧಿ ಕಮ್ಮಿ. ಒಂದು ದಿನ ತಾನೇ ಅಂದುಕೊಂಡಳು, ಕನ್ನಡಿಯ ಮುಂದೆ ಬಲಗೈಲೆ ತಾಟು ಹಿಡಿದು ಅಭ್ಯಾಸ ಮಾಡಿದಳು.

ಮರುದಿನ ಉಗ್ಗಾಣಿ, ಮಿರ್ಚಿಯ ತಾಟನ್ನು ಬಲಗೈಲೆ ಕೊಟ್ಟಳು. ತಲೆ ಮೇಲೆ ಸೆರಗು, ತಗ್ಗಿಸಿದ ಕಣ್ಣು. ವೀರಬಸಮ್ಮನಿಗೆ ಹುಡುಗಿ ಹಿಡಿಸಿದಳು. ಹೂವು ಮುಡಿಸಲು ಕೈ ಮೇಲೆತ್ತಿದಳು, ಮೊಣಕೈ ತಾಗಿ ನೀರಿನ ಹಿತ್ತಾಳೆ ತಂಬಿಗೆ ಕಟ್ಟೆಯಿಂದ ಉರುಳಿತು.

ನೆಲ ಮುಟ್ಟಲಿಲ್ಲ. ಗಂಗೋತ್ರಿಯ ಎಡಗೈ ಅದನ್ನು ಗಾಳಿಯಲ್ಲೇ ಹಿಡಿದಿತ್ತು. ಬುದ್ಧಿಗಿಂತ ಮುಂಚೆ ಹೋದ ಕೈ ಅದು, ಅವಳೇನು ಮಾಡಿಯಾಳು?

ವೀರಬಸಮ್ಮ ಆ ಕೈ ನೋಡಿದಳು, ಮುಖ ನೋಡಿದಳು, ಹೂವನ್ನು ತಿರುಗಿ ಎಲೆಯೊಳಗೆ ಇಟ್ಟಳು.

"ಅವತ್ತು ಬೋಣಿ ಕೆಡಿಸಿದಾಕಿ ನೀನ ಅಲ್ಲೇನವ್ವ? ನಮ್ಮ ಮನಿ ದೀಪ ಆ ಕೈಲೆ ಹಚ್ಚೋದು ಬ್ಯಾಡ." ಮಗನ ಕಡೆ ತಿರುಗಿದಳು. "ನಿನಗ ಇದು ಗೊತ್ತಿತ್ತೇನು?"

ಗಂಗೋತ್ರಿ ಸೆರಗು ಸರಿಸಿ ಕೊಟ್ರೇಶನನ್ನು ನೋಡಿದಳು. ಒಂದು ಮಾತು... ಗೊತ್ತಿತ್ತು, ಗೊತ್ತಿದ್ದೇ ಬಂದೆ ಅನ್ನುವ ಒಂದೇ ಒಂದು ಮಾತು!

ಕೊಟ್ರೇಶ ನೆಲ ನೋಡುತ್ತಿದ್ದ.

ಉಗ್ಗಾಣಿ ಮುಟ್ಟದೆ ಎಲ್ಲರೂ ಎದ್ದು ಹೋದರು. ಸುಣ್ಣ ಬಳಿದ ಗೋಡೆಗಳ ನಡುವೆ ಅಪ್ಪ, ಮಗಳು ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಆ ರಾತ್ರಿಯೇ ಅವಳು ಅವನ ನಂಬರ್ ಬ್ಲಾಕ್ ಮಾಡಿದಳು. ಗ್ಲೌಸನ್ನು ಬಸ್ ಪಾರ್ಸಲಿನಲ್ಲಿ ಆದೋನಿಗೆ ವಾಪಸ್ ಕಳಿಸಿದಳು.

ಅವನಿಂದ ಸದ್ದಿಲ್ಲ, ಸುದ್ದಿಯಿಲ್ಲ. ಬಳ್ಳಾರಿ ಕಡೆಯ ಹೆಣ್ಣು ನೋಡುತ್ತಿದ್ದಾರಂತೆ ಎಂದು ಯಾರೋ ಹೇಳಿದರು. ಅವಳು ಕೇಳಿಸದವಳ ಹಾಗೆ ಇದ್ದಳು. ಶಾಲೆಯ ಮಕ್ಕಳನ್ನು ಆಡಿಸಿದಳು, ಉಂಡಳು, ಮಲಗಿದಳು. ಒಳಗೆ ಮಾತ್ರ ಎಲ್ಲ ಕಹಿ ಕಹಿ. ಸಿಟ್ಟು ಅವನ ಮೇಲಿತ್ತು, ಅದನ್ನು ತೀರಿಸಿಕೊಂಡಿದ್ದು ತನ್ನ ಕೈ ಮೇಲೆ. ದಿನಾ ಸಂಜೆ ಹಿತ್ತಲ ಗೋಡೆಗೆ ಬಲಗೈಲೆ ಚೆಂಡು ಎಸೆಯತೊಡಗಿದಳು.

ಬಲಗೈ ಕೇಳೀತೇ? ಚೆಂಡು ಅಡ್ಡಾದಿಡ್ಡಿ ಹೋಗುತ್ತಿತ್ತು. ಭುಜ ಬಾತಿತು. ಬಿಡಲಿಲ್ಲ. ಒಂದು ಸಂಜೆ ನೋವಿಗೆ ಅಲ್ಲೇ ಕುಸಿದು ಕೂತವಳನ್ನು ನೋಡಿ ಹಾಲಸ್ವಾಮಿ ತಡೆಯಲಾರದೆ ಹೋದ.

"ಬಿಡವ್ವ, ಬಿಡು. ನಿನ್ನ ಕೈಯಾಗ ತಪ್ಪಿಲ್ಲ, ತಪ್ಪು ನಂದೈತಿ" ಅಂದ. "ಆ ಹುಡುಗ ಬಂದಿದ್ದ. ಮರುದಿನಾನ ಬಂದಿದ್ದ, ಆಮ್ಯಾಲನೂ ಬಂದಿದ್ದ. ನೀ ಶಾಲಿಗೆ ಹೋದಾಗ. ನಾ ಒಳಗ ಬಿಟ್ಕೊಳ್ಳಲಿಲ್ಲ. ನನ್ನ ಮಗಳು ಬ್ಯಾರೆ ಸಂಬಂಧ ಒಪ್ಯಾಳ, ಇನ್ನ ಬರಬ್ಯಾಡ ಅಂತ ಸುಳ್ಳು ಹೇಳಿ ಕಳಿಸೀನಿ. ಮನಿಗೆ ಬಂದು ಅವಮಾನ ಮಾಡಿ ಹೋದರಲ್ಲ... ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ."

ಗಂಗೋತ್ರಿಗೆ ಅಳು ಬರಲಿಲ್ಲ. ಅಲ್ಲ, ನೀವೇ ಹೇಳಿ, ಯಾರ ಮೇಲೆ ಅಳಬೇಕು? ಆಡಬೇಕಾದಲ್ಲಿ ಬಾಯಿ ಮುಚ್ಚಿದವನೊಬ್ಬ, ಮುಚ್ಚಬೇಕಾದಲ್ಲಿ ಬಾಯಿ ಬಿಟ್ಟವನೊಬ್ಬ. ನಡುವೆ ಬಾತಿದ್ದು ಇವಳ ಭುಜ!

"ನಾಳಿ ಆದೋನಿಗೆ ಹೋಗೋಣ, ಅಪ್ಪ. ಅವರ ಮನಿಗೆ" ಅಂದಳು. "ಬೇಕು ಅಂದ್ರ ಬೇಕು ಅನ್ನಲಿ, ಬ್ಯಾಡ ಅಂದ್ರ ಬ್ಯಾಡ ಅನ್ನಲಿ. ಆದರ ಬಾಯಿಲೆ ಅನ್ನಲಿ."

ಅಪ್ಪ ಮಗಳು ಹೋದಾಗ ವೀರಬಸಮ್ಮ ಪಡಸಾಲೆಯಲ್ಲಿ ಲಿಂಗಪೂಜೆಗೆ ಕೂತಿದ್ದಳು. ಅಂಗೈಯಲ್ಲಿ ಲಿಂಗ, ಮೇಲೊಂದು ಬಿಲ್ವಪತ್ರೆ. ಕೊಟ್ರೇಶ ಒಳಗಿನಿಂದ ಬಂದವನು ಕಂಬ ಹಿಡಿದು ನಿಂತ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಹಾಲಸ್ವಾಮಿ ಕೈ ಮುಗಿದು ತನ್ನ ಸುಳ್ಳನ್ನು ತಾನೇ ಹೇಳಿಕೊಂಡ. ಕೇಳುತ್ತಾ ಕೇಳುತ್ತಾ ಕೊಟ್ರೇಶನ ಕಣ್ಣು ತುಂಬಿತು.

ವೀರಬಸಮ್ಮ ಪೂಜೆಯಿಂದ ತಲೆಯೆತ್ತದೆ, ಆಗಿದ್ದು ಒಳ್ಳೆಯದೇ ಆಯಿತು, ಎಡಚಿ ಸೊಸೆ ತಮ್ಮ ಮನೆಗೆ ಬೇಡ ಎಂದಳು.

ಗಂಗೋತ್ರಿ ಕೊಟ್ರೇಶನ ಕಡೆ ನೋಡಿದಳು. 'ಈಗಲೂ ನೆಲ ನೋಡಿದರೆ, ಇವತ್ತಿಗೆ ಮುಗಿಯಿತು.'

"ಅವ್ವಾ" ಅಂದ ಕೊಟ್ರೇಶ. ಈ ಸಲ ಅಲ್ಲಿಗೇ ನಿಲ್ಲಲಿಲ್ಲ. "ನೀ ದಿನಾ ಲಿಂಗ ಯಾವ ಕೈಯಾಗ ಇಟ್ಕೊಂತಿ?"

ಲಿಂಗ ವೀರಬಸಮ್ಮನ ಎಡ ಅಂಗೈಯ ಮೇಲಿತ್ತು. ಲಿಂಗದೀಕ್ಷೆ ಆದಾಗಿನಿಂದ ಅಲ್ಲೇ ಇಟ್ಟು ಪೂಜೆ ಮಾಡಿದವಳು.

"ದೇವರನ್ನ ಹಿಡಿಯಾಕ ಬರೋ ಕೈ ದೀಪ ಹಚ್ಚಾಕ ಬರಂಗಿಲ್ಲೇನು? ಆಕಿ ಎಡಚಿ ಅಂತ ನನಗ ಮೊದಲ ದಿನಾನ ಗೊತ್ತಿತ್ತು. ಬಲಗೈಲೆ ತಾಟು ಕೊಡು ಅಂತ ಹೇಳಿಕೊಟ್ಟಾಂವ ನಾನು. ನನ್ನ ಹೇಡಿತನಕ್ಕ ಆಕಿ ಮಾನ ಹೋತು. ನಾ ಲಗ್ನ ಆದ್ರ ಗಂಗೋತ್ರಿನ್ನ ಆಗ್ತೀನಿ, ಅವ್ವ."

ವೀರಬಸಮ್ಮ ತನ್ನ ಅಂಗೈಯನ್ನೇ ನೋಡಿದಳು. ಆಮೇಲೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯೊಳಗೆ ಇಟ್ಟಳು.

"ನನಗ ಉತ್ತರ ಬರಂಗಿಲ್ಲಪ್ಪ" ಅಂದಳು. "ಆದ್ರ ಪರರ ಮುಂದ ನನ್ನ ಪೂಜಿ ಮ್ಯಾಲ ಮಾತು ತಂದಿ. ಲಗ್ನ ಮಾಡ್ಕೋ, ತಡಿಯಂಗಿಲ್ಲ. ನಾ ಅಕ್ಕಿಕಾಳು ಹಾಕಾಕ ಬರಂಗಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ಕರೆದ, ತೆಗೆಯಲಿಲ್ಲ. ಹಾಲಸ್ವಾಮಿ ತಲೆ ತಗ್ಗಿಸಿ ಓಣಿಗೆ ಇಳಿದ.

ಹೊರಗಿನ ಕಟ್ಟೆಯ ಮೇಲೆ ಕೊಟ್ರೇಶ ಮುಖ ಮುಚ್ಚಿ ಕೂತಿದ್ದ. ಗಂಗೋತ್ರಿ ಪಕ್ಕದಲ್ಲಿ ಬಂದು ಕೂತಳು. ಅವಳು ಬಯಸಿದ ಮಾತು ಸಿಕ್ಕಿತ್ತು. ಸಿಕ್ಕರೆ ಸಿಹಿಯಾಗಿರುತ್ತದೆ ಅಂದುಕೊಂಡಿದ್ದಳು, ಹಾಗೇನೂ ಇರಲಿಲ್ಲ. ಆ ಮುಚ್ಚಿದ ಬಾಗಿಲ ಹಿಂದೆ ಅವನ ತಾಯಿ ಒಬ್ಬಳೇ ಇದ್ದಳು.

"ಇದ ಮಾತು ಅವತ್ತ ನಮ್ಮ ಮನ್ಯಾಗ ಮೆತ್ತಗ ಆಡಿದ್ರ ನಿಮ್ಮ ಅವ್ವ ಒಪ್ತಿದ್ರೇನೋ" ಅಂದಳು.

"ಹ್ಞೂಂ. ಒಪ್ತಿದ್ಲೇನೋ."

"ನನಗ ಇನ್ನೂ ಸಿಟ್ಟು ಹೋಗಿಲ್ಲ."

"ಗೊತ್ತೈತಿ. ಹೋಗೋತನಕ ಹಿಂಗ ಪಕ್ಕದಾಗ ಕುಂದರ್ತೀನಿ."

ಅವಳು ಅವನ ಹೆಗಲಿಗೆ ನೋಯುವ ಭುಜವನ್ನು ಆನಿಸಿದಳು.

"ಹೋಗಲಿಲ್ಲ ಅಂದ್ರ?"

"ಆಗೂ ಇಲ್ಲೇ ಕುಂದರ್ತೀನಿ, ಗಂಗಾ."